ದರ ಸರಿ, ಬೆಲೆ ತಪ್ಪು

ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಎಂದರೆ ಈರುಳ್ಳಿ. ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ಎಷ್ಟಾಯಿತು ಎಂಬ ಸುದ್ದಿ ಬೆಂಗಳೂರಿನ ಹೋಟೆಲಿನ ಅಡುಗೆಮನೆಯವರೆಗೂ ಮುಟ್ಟುತ್ತದೆ. ಆ ದಿನದ ಲೆಕ್ಕ ಬರೆದಿಡಲು ಯಾರೋ ಒಬ್ಬರು ಚಿಕ್ಕದೊಂದು ಪ್ರೋಗ್ರಾಂ ಬರೆಯಲು ಕೂತಿದ್ದಾರೆ ಎಂದುಕೊಳ್ಳಿ. ಗೂಗಲ್ ಕಂಪನಿಯಲ್ಲಿ ಹುಟ್ಟಿ 2009ರಲ್ಲಿ ಹೊರಬಂದ ‘ಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆ ಅವರ ಆಯ್ಕೆ. ಮೊತ್ತವನ್ನು ಇಟ್ಟುಕೊಳ್ಳುವ ಡಬ್ಬಿಗೆ ಕನ್ನಡದಲ್ಲಿ ‘ದರ’ ಎಂದು ಹೆಸರಿಟ್ಟರೆ ಕಂಪೈಲರ್ ತಕರಾರಿಲ್ಲದೆ ಒಪ್ಪುತ್ತದೆ. ಅದೇ ಡಬ್ಬಿಗೆ ‘ಬೆಲೆ’ ಎಂದು ಹೆಸರಿಟ್ಟರೆ ಒಪ್ಪುವುದಿಲ್ಲ. ಪಕ್ಕದಲ್ಲಿ ಕೂತು ಮರಾಠಿಯಲ್ಲಿ ಬರೆಯುವವರ ಗತಿಯೂ ಇದೇ. ದೇವನಾಗರಿಯ ‘ದರ’ ಸರಿ, ‘ಭಾವ’ ತಪ್ಪು. ‘ಈರುಳ್ಳಿ’ಯೂ ಸಲ್ಲದು, ‘ಕಾಂದಾ’ವೂ ಸಲ್ಲದು.

ದರವೂ ಬೆಲೆಯೂ ಒಂದೇ ಅರ್ಥದ ಮಾತು. ಒಂದಕ್ಕೆ ಒಳಗೆ ಜಾಗ, ಇನ್ನೊಂದಕ್ಕೆ ಬಾಗಿಲಲ್ಲೇ ತಡೆ. ಇದಕ್ಕೆ ಕಾರಣ ವ್ಯಾಕರಣವಲ್ಲ, ಅರ್ಥವಲ್ಲ, ಉದ್ದವೂ ಅಲ್ಲ. ‘ದರ’ದಲ್ಲಿ ಕಾಗುಣಿತದ ಚಿಹ್ನೆ ಇಲ್ಲ, ‘ಬೆಲೆ’ಯಲ್ಲಿ ಎರಡು ಇವೆ, ಅಷ್ಟೇ. ಬ-ಕ್ಕೆ ಏತ್ವ ಕೊಟ್ಟರೆ ‘ಬೆ’ ಎಂದು ಒಂದನೇ ಕ್ಲಾಸಿನ ಮಗು ಓದುತ್ತದೆ. ಈ ಯಂತ್ರದ ಪ್ರಕಾರ ಏತ್ವ ಅಕ್ಷರದ ಭಾಗವೇ ಅಲ್ಲ.

ಇದೊಂದು ತಾಂತ್ರಿಕ ತೊಡಕು, ಇಂದಲ್ಲ ನಾಳೆ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಆ ಸಮಾಧಾನ ತಪ್ಪು. ಇದು ತಿಳಿದೂ ತಿಳಿದೂ ಮಾಡಿದ ಆಯ್ಕೆ. ಗೋ ಭಾಷೆಯನ್ನು ಕಟ್ಟಿದವರು ಅದನ್ನು ಮುಚ್ಚಿಟ್ಟಿಲ್ಲ, ಅಷ್ಟರಮಟ್ಟಿಗೆ ಅವರು ಪ್ರಾಮಾಣಿಕರು. ತಮ್ಮ ಪ್ರಶ್ನೋತ್ತರ ಪುಟದಲ್ಲಿ ಅವರು ಸ್ಪಷ್ಟವಾಗಿ ಹೇಳಿಕೊಂಡಿದ್ದಾರೆ: ಹೆಸರಿನಲ್ಲಿ ಯೂನಿಕೋಡ್ ‘ಅಕ್ಷರ’ ಎಂದು ಕರೆದದ್ದು ಮತ್ತು ಅಂಕಿ ಮಾತ್ರ ಬರಬಹುದು, ಈ ನಿಯಮ ಅರ್ಥಮಾಡಿಕೊಳ್ಳಲು, ಅಳವಡಿಸಲು ಸುಲಭ, ಕೂಡಿಕೊಳ್ಳುವ ಚಿಹ್ನೆಗಳನ್ನು ಉದ್ದೇಶಪೂರ್ವಕವಾಗಿಯೇ ಹೊರಗಿಡಲಾಗಿದೆ, ಇದರಿಂದ ದೇವನಾಗರಿಯಂಥ ಕೆಲವು ಭಾಷೆಗಳು ಹೊರಗುಳಿಯುತ್ತವೆ. ದೇವನಾಗರಿ ಭಾಷೆಯಲ್ಲ, ಲಿಪಿ. ಯಾರನ್ನು ಹೊರಗೆ ನಿಲ್ಲಿಸುತ್ತಿದ್ದೇವೆ ಎಂದು ಸರಿಯಾಗಿ ಹೆಸರಿಸುವಷ್ಟು ವ್ಯವಧಾನವೂ ಇಲ್ಲದೆ ಹೊರಗೆ ನಿಲ್ಲಿಸಲಾಗಿದೆ. ಇನ್ನು ಕನ್ನಡದ ಹೆಸರು ಆ ಸಾಲಿನಲ್ಲಿ ಬರುವುದೇ ಇಲ್ಲ.

ಬಾಗಿಲಲ್ಲಿ ಕೂತ ಗುಮಾಸ್ತ

ಪ್ರೋಗ್ರಾಂ ಎಂದರೆ ಯಂತ್ರದ ಪಾಲಿಗೆ ಮೊದಲು ಒಂದು ಉದ್ದನೆಯ ಸಾಲು. ಅದರಲ್ಲಿ ಯಾವುದು ಹೆಸರು, ಯಾವುದು ಸಂಖ್ಯೆ, ಯಾವುದು ಕೂಡುವ ಗುರುತು ಎಂದು ಬಿಡಿಸಿ ಒಳಗೆ ಕಳಿಸುವ ಭಾಗಕ್ಕೆ ಲೆಕ್ಸರ್ ಎನ್ನುತ್ತಾರೆ. ಅದು ಬಾಗಿಲಲ್ಲಿ ಕೂತ ಗುಮಾಸ್ತನ ಹಾಗೆ. ಬಂದದ್ದನ್ನು ಒಂದೊಂದಾಗಿ ಎತ್ತಿ ನೋಡುತ್ತದೆ. ಇದು ಅಕ್ಷರವೇ? ಹೌದಾದರೆ ಕೈಯಲ್ಲಿ ಇಟ್ಟುಕೊಂಡು ಮುಂದಿನದನ್ನು ನೋಡುತ್ತದೆ. ಅದೂ ಅಕ್ಷರವೇ? ಹೌದು ಎನ್ನುವವರೆಗೆ ಕೂಡಿಸುತ್ತ ಹೋಗುತ್ತದೆ. ಅಲ್ಲ ಎಂದ ಕೂಡಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಕೂಡಿದ್ದು ಒಂದು ಟೋಕನ್, ಅಂದರೆ ಒಂದು ಪದ. ಕಂಪ್ಯೂಟರ್ ಸೈನ್ಸ್ ಓದುವ ಯಾವ ವಿದ್ಯಾರ್ಥಿಯಾದರೂ ಕೈಯಾರೆ ಒಂದು ಲೆಕ್ಸರ್ ಬರೆದಿರುತ್ತಾರೆ. ಆ ಪಾಠದ ಮೊದಲ ಸೂಚನೆ ಎಲ್ಲ ಕಡೆಯೂ ಒಂದೇ: ಪಠ್ಯವನ್ನು ಅಕ್ಷರ ಅಕ್ಷರವಾಗಿ ಓದು.

ಈ ಸೂಚನೆಯಲ್ಲೇ ಮೋಸ ಇದೆ. ಇಂಗ್ಲಿಷಿನ ‘ಕ್ಯಾರೆಕ್ಟರ್’ ಎಂಬ ಮಾತನ್ನು ಕನ್ನಡದ ಕೈಪಿಡಿಗಳು, ಮೊಬೈಲಿನ ಪರದೆಗಳು, ಪಠ್ಯಗಳು ಸಾರಾಸಗಟಾಗಿ ‘ಅಕ್ಷರ’ ಎಂದು ಅನುವಾದಿಸಿಬಿಟ್ಟಿವೆ. ಪಾಸ್‌ವರ್ಡಿಗೆ ಕನಿಷ್ಠ ಎಂಟು ಅಕ್ಷರ ಇರಲಿ. ಸಂದೇಶಕ್ಕೆ ಎಪ್ಪತ್ತು ಅಕ್ಷರ ಮಿತಿ. ಅವು ಎಣಿಸುತ್ತಿರುವುದು ಅಕ್ಷರವನ್ನಲ್ಲ. ‘ಸ್ತ್ರೀ’ ಎಂಬುದು ಕನ್ನಡಿಗರಿಗೆ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅದು ಆರು ತುಂಡು: ಸ, ವಿರಾಮ, ತ, ವಿರಾಮ, ರ, ಈತ್ವದ ಚಿಹ್ನೆ. ಯೂನಿಕೋಡ್ ಭಾಷೆಯಲ್ಲಿ ಈ ತುಂಡುಗಳಿಗೆ ಕೋಡ್ ಪಾಯಿಂಟ್ ಎನ್ನುತ್ತಾರೆ. ಇಂಗ್ಲಿಷಿನ ಎಸ್‌ಎಂಎಸ್ ಒಂದಕ್ಕೆ 160 ಕ್ಯಾರೆಕ್ಟರ್ ಸಿಗುತ್ತವೆ. ಕನ್ನಡದ ಎಸ್‌ಎಂಎಸ್‌ಗೆ ಸಿಗುವುದು 70. ಆ ಎಪ್ಪತ್ತರಲ್ಲಿ ಆರನ್ನು ಒಬ್ಬ ‘ಸ್ತ್ರೀ’ ನುಂಗಿಬಿಡುತ್ತಾಳೆ.

ತುಂಡು ಮಾಡಿದ್ದೇ ತಪ್ಪು ಎಂದು ಯಾರೂ ವಾದಿಸಬೇಕಿಲ್ಲ. ಕನ್ನಡದಲ್ಲಿ ಬರಬಹುದಾದ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಬೇರೆ ಬೇರೆಯಾಗಿ ಪಟ್ಟಿ ಮಾಡಿದರೆ ಸಾವಿರಾರು ಆಗುತ್ತವೆ. ಭಾರತದ ಮಾನಕ ಸಂಸ್ಥೆಯ ಇಸ್ಕಿ ಸಂಕೇತವೂ, ಅದರ ಜಾಡಿನಲ್ಲಿ ಬಂದ ಯೂನಿಕೋಡೂ ಜಾಣ ದಾರಿ ಹಿಡಿದವು. ಸ್ವರ, ವ್ಯಂಜನ, ಸ್ವರಚಿಹ್ನೆ, ವಿರಾಮ ಇಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಕೂಡಿಸಿ ಕಟ್ಟಿಕೊಳ್ಳುವ ದಾರಿ ಅದು. ಹಾಗಾಗಿ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳು ಸಾಕಾದವು. ಕಟ್ಟುವಾಗ ಇಟ್ಟಿಗೆ ಬೇಕು, ನಿಜ. ಇಟ್ಟಿಗೆಯನ್ನೇ ಮನೆ ಎಂದು ಕರೆದು, ಗಾರೆಯನ್ನು ಕಸ ಎಂದು ಬಿಸಾಡುವುದು ಬೇರೆ. ‘ಅಕ್ಷರ’ ಎಂಬ ಗುಂಪಿಗೆ ಬ, ಲ, ದ, ರ ಸೇರಿ, ಏತ್ವ ಕೊಂಬು ಇಳಿಗಳು ‘ಚಿಹ್ನೆ’ ಎಂಬ ಇನ್ನೊಂದು ಗುಂಪಿಗೆ ಸೇರಿವೆ. ಮೊದಲ ಗುಂಪನ್ನು ಮಾತ್ರ ನೋಡುವ ಲೆಕ್ಸರ್ ಎರಡನೆಯದನ್ನು ಬಿಸಾಡುತ್ತದೆ.

ಒಂದು ಊರಿನ ಹೆಸರು, ನಾಲ್ಕು ಲೆಕ್ಕ

ಅಕ್ಷರವನ್ನು ಎಣಿಸುವುದು ಕನ್ನಡಕ್ಕೆ ಹೊಸ ವಿದ್ಯೆಯಲ್ಲ. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯ ಕಾಲಕ್ಕೇ ಅಕ್ಷರಗಣ, ಲಘು, ಗುರು ಎಲ್ಲವೂ ಶಾಸ್ತ್ರವಾಗಿ ನಿಂತಿದ್ದವು. ‘ಸ್ತ್ರೀ’ಯನ್ನು ಮೂರು ಎಂದೋ ಆರು ಎಂದೋ ಎಣಿಸಿದ ಛಂದಸ್ಸಿನ ಮೇಷ್ಟರು ಇರಲಾರರು. ಸಾವಿರ ವರ್ಷದ ಮೇಲೆ ಯಂತ್ರ ಈ ಲೆಕ್ಕದಲ್ಲಿ ಎಲ್ಲಿ ನಿಂತಿದೆ ಎಂದು ನೋಡಲು ಗೋದಾವರಿ ಸೀಮೆಯ ಒಂದು ಊರಿನ ಹೆಸರು ಸಾಕು.

2023ರಲ್ಲಿ ಔರಂಗಾಬಾದ್ ಎಂಬ ಹೆಸರು ಹೋಗಿ ಛತ್ರಪತಿ ಸಂಭಾಜಿನಗರ ಬಂತು. ಹೆಸರು ಬದಲಾದದ್ದರ ರಾಜಕೀಯ ಇಲ್ಲಿನ ವಿಷಯವಲ್ಲ. ಆ ಹೆಸರನ್ನು ಎಣಿಸಿ ನೋಡಿ. ನಡುವಿನ ಖಾಲಿ ಜಾಗ ಬಿಟ್ಟರೆ ಕಣ್ಣಿಗೆ, ಕಿವಿಗೆ ಹತ್ತು ಅಕ್ಷರ: ಛ, ತ್ರ, ಪ, ತಿ, ಸಂ, ಭಾ, ಜಿ, ನ, ಗ, ರ. ಕೋಡ್ ಪಾಯಿಂಟ್ ಲೆಕ್ಕದಲ್ಲಿ ಹದಿನಾರು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ತುಂಡಿಗೆ ಮೂರು ಬೈಟ್ ಬೇಕು, ಆ ಲೆಕ್ಕದಲ್ಲಿ ನಲವತ್ತೆಂಟು.

ನಾಲ್ಕನೆಯ ಲೆಕ್ಕವೇ ಸ್ವಾರಸ್ಯದ್ದು. ಬಳಕೆದಾರರ ಕಣ್ಣಿಗೆ ಒಂದಾಗಿ ಕಾಣುವ ತುಂಡುಗಳನ್ನು ಒಂದಾಗಿಯೇ ಎಣಿಸಲು, ಕರ್ಸರ್ ಅವುಗಳ ನಡುವೆ ನುಗ್ಗದಂತೆ ತಡೆಯಲು ಯೂನಿಕೋಡ್ ಒಂದು ನಿಯಮಾವಳಿ ಇಟ್ಟಿದೆ. ವರ್ಷಗಟ್ಟಲೆ ಆ ನಿಯಮ ಒತ್ತಕ್ಷರಗಳನ್ನು ಒಡೆಯುತ್ತಿತ್ತು, ‘ತ್ರ’ ಎಂಬುದು ‘ತ್’ ಮತ್ತು ‘ರ’ ಎಂದು ಎರಡಾಗುತ್ತಿತ್ತು. ಔರಂಗಾಬಾದ್ ಹೆಸರು ಬದಲಾದ ಅದೇ 2023ರಲ್ಲಿ ಬಂದ 15.1ನೇ ಆವೃತ್ತಿ ಇದನ್ನು ಸರಿಪಡಿಸಿತು. ಯಾರಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಈ ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪರಿಣಾಮ ಏನೆಂದರೆ ಆ ಆವೃತ್ತಿಯ ಪ್ರಕಾರ ಛತ್ರಪತಿ ಸಂಭಾಜಿನಗರವನ್ನು ಮರಾಠಿಯಲ್ಲಿ ಬರೆದರೆ ಹತ್ತು, ಕನ್ನಡದಲ್ಲಿ ಬರೆದರೆ ಹನ್ನೊಂದು. ತುಂಡುಗಳ ಸಂಖ್ಯೆ ಎರಡರಲ್ಲೂ ಹದಿನಾರೇ. ಒಂದೇ ಊರು, ಒಂದೇ ಉಚ್ಚಾರಣೆ, ಒಂದೇ ರೀತಿಯ ಜೋಡಣೆ. ತೆಲುಗಿನಲ್ಲಿ ಒಂದು ಅಕ್ಷರವಾಗುವ ಒತ್ತು, ಅಕ್ಕನ ಮನೆ ದಾಟಿ ಕನ್ನಡಕ್ಕೆ ಬಂದರೆ ಎರಡಾಗುತ್ತದೆ.

ಇಂಥ ಪಟ್ಟಿಗಳನ್ನು ಯಾರೂ ದ್ವೇಷದಿಂದ ಮಾಡುವುದಿಲ್ಲ. ಯಾರು ಬಂದು ಕೂತು ಉದಾಹರಣೆ ಕೊಟ್ಟು ಒತ್ತಾಯಿಸುತ್ತಾರೋ ಅವರ ಲಿಪಿ ಪಟ್ಟಿಗೆ ಸೇರುತ್ತದೆ. ಕೂರದವರದ್ದು ಸೇರುವುದಿಲ್ಲ. ನವೆಂಬರ್ ಬಂದರೆ ‘ಲಿಪಿಗಳ ರಾಣಿ’ ಎಂದು ಫಲಕ ಕಟ್ಟುವವರು ಸಾವಿರ ಜನ. ರಾಣಿಯ ಒತ್ತಕ್ಷರ ಎಷ್ಟು ಎಂದು ಎಣಿಸುವ ಕಡೆ ನಿಂತು ಮಾತಾಡಲು ಹತ್ತು ಜನ ಸಿಗುವುದಿಲ್ಲ.

ಗುಹೆಯ ಗೋಡೆಯನ್ನು ಓದುವವರು

‘ಅಕ್ಷರ ಅಕ್ಷರವಾಗಿ ಓದು’ ಎಂಬ ಮಾತನ್ನು ನಿಜವಾದ ಅರ್ಥದಲ್ಲಿ ನಡೆಸಿಕೊಂಡು ಬಂದವರು ಇದ್ದಾರೆ, ಶಾಸನ ಓದುವವರು. ನಾಸಿಕ್ ಊರಿನ ಪಕ್ಕದ ತ್ರಿರಶ್ಮಿ ಬೆಟ್ಟದಲ್ಲಿ, ಜನ ಪಾಂಡವ ಲೇಣಿ ಎನ್ನುವ ಬೌದ್ಧ ಗುಹೆಗಳಿವೆ. ಅವುಗಳ ಗೋಡೆಯ ಮೇಲೆ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಶಾಸನಗಳಿವೆ. ಕನ್ನಡ, ದೇವನಾಗರಿ ಎರಡೂ ಆ ಬ್ರಾಹ್ಮಿಯ ಮೊಮ್ಮಕ್ಕಳು. ಅಲ್ಲಿ ಓದುವ ವಿದ್ವಾಂಸರು ಮೊದಲು ವ್ಯಂಜನದ ಮೈ ಗುರುತಿಸುತ್ತಾರೆ. ಆಮೇಲೆ ತಲೆಯ ಮೇಲೆ, ಪಕ್ಕದಲ್ಲಿ, ಬುಡದಲ್ಲಿ ಸ್ವರದ ಗೀಟು ಇದೆಯೇ ನೋಡುತ್ತಾರೆ. ಕೆಳಗೆ ಇನ್ನೊಂದು ವ್ಯಂಜನ ಜೋತುಬಿದ್ದಿದೆಯೇ ನೋಡುತ್ತಾರೆ. ಎಲ್ಲ ನೋಡಿದ ಮೇಲೆ ಇದು ಇಂಥ ಅಕ್ಷರ ಎಂದು ಬರೆದುಕೊಳ್ಳುತ್ತಾರೆ. ಒಂದು ಗೀಟು ಬಿಟ್ಟುಹೋದರೆ ದಾನ ಕೊಟ್ಟವನ ಹೆಸರೇ ಬದಲಾದೀತು ಎಂಬ ಭಯ ಅವರಿಗಿದೆ. ಆ ಭಯ ಲೆಕ್ಸರ್ ಬರೆಯುವವರಿಗೂ ಇರಬೇಕಿತ್ತು.

ಅಲ್ಲಿನ ಮೂರನೆಯ ಗುಹೆಯಲ್ಲಿ ಸಾತವಾಹನ ಗೌತಮೀಪುತ್ರ ಶಾತಕರ್ಣಿಯ ಹದಿನೆಂಟನೆಯ ಆಳ್ವಿಕೆಯ ವರ್ಷದ ಒಂದು ಆಜ್ಞೆ ಇದೆ. ಗೋವರ್ಧನದ ಅಧಿಕಾರಿ ವಿಷ್ಣುಪಾಲಿತನಿಗೆ, ಭಿಕ್ಷುಗಳಿಗೆ ಹೊಲ ಕೊಡುವ ವಿಚಾರವಾಗಿ, ವಿಜಯದ ಸೇನಾಬಿಡಾರದಿಂದ ಹೊರಟ ಆಜ್ಞೆ ಅದು. ಆ ಸೇನೆಗೆ ಹತ್ತಿದ ಮಾತು ‘ವೇಜಯಂತಿ’. ಅದನ್ನು ವೈಜಯಂತಿ, ಅಂದರೆ ಉತ್ತರ ಕನ್ನಡದ ಬನವಾಸಿ ಎಂದು ಓದಿದವರಿದ್ದಾರೆ. ಅಲ್ಲ, ಅದು ಊರಿನ ಹೆಸರಲ್ಲ, ‘ಗೆಲ್ಲುವ ಸೇನೆ’ ಎಂಬ ವಿಶೇಷಣ ಎಂದವರೂ ಇದ್ದಾರೆ. ಕನ್ನಡ ನಾಡಿನ ಒಂದು ಹಳೆಯ ಊರು ಗೋದಾವರಿ ಸೀಮೆಯ ಗೋಡೆಯ ಮೇಲೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಹೀಗೆ ಒಂದು ಪದದ ಮೇಲೆ ನಿಂತಿದೆ. ಗಮನಿಸಬೇಕಾದ್ದು ಏನೆಂದರೆ ಎರಡೂ ಪಕ್ಷದವರಿಗೆ ಅಕ್ಷರಗಳ ಬಗ್ಗೆ ತಕರಾರಿಲ್ಲ. ಜಗಳ ಇರುವುದು ಪದದ ಬಗ್ಗೆ. ಅಕ್ಷರ ಗಟ್ಟಿಯಾಗಿ ಕೈಗೆ ಸಿಕ್ಕಿದ್ದರಿಂದಲೇ ಆ ಜಗಳಕ್ಕೆ ಒಂದು ಘನತೆ ಇದೆ.

ಅದೇ ಪದವನ್ನು ಪೈಥಾನ್ ಭಾಷೆಗೆ ಕೊಟ್ಟು, ಅದರ ರೂಢಿಯ ಹುಡುಕು ಸೂತ್ರದಲ್ಲಿ ‘ಪದಗಳನ್ನು ಬಿಡಿಸು’ ಎಂದು ಹೇಳಿದರೆ ಏನಾಗುತ್ತದೆ? ಪದಕ್ಕೆ ಸೇರುವ ಸಂಕೇತ ಎಂದು ಆ ಸೂತ್ರ ಒಪ್ಪುವುದು ಅಕ್ಷರದ ಗುಂಪು, ಅಂಕಿ ಮತ್ತು ಅಡಿಗೆರೆಯನ್ನು ಮಾತ್ರ. ಏತ್ವದ ದೀರ್ಘ, ಸೊನ್ನೆ, ಗುಡಿಸು ಎಲ್ಲ ಕಡೆ ಕತ್ತರಿ ಬೀಳುತ್ತದೆ. ‘ವೇಜಯಂತಿ’ ಒಂದು ಪದ ಹೋಗಿ ‘ವ’, ‘ಜಯ’, ‘ತ’ ಎಂಬ ಮೂರು ಪದ ಹೊರಬರುತ್ತವೆ. ಬನವಾಸಿಯೂ ಹೋಯಿತು, ಸೇನೆಯೂ ಹೋಯಿತು, ನಡುವೆ ಅಕಸ್ಮಾತ್ ಒಂದು ‘ಜಯ’ ಉಳಿಯಿತು. ‘ನಾಸಿಕ್’ ಕೊಟ್ಟರೆ ‘ನ’, ‘ಸ’, ‘ಕ’. ಇದೇ ಪೈಥಾನ್ ತನ್ನ ಸ್ವಂತ ಲೆಕ್ಸರ್‌ನಲ್ಲಿ ‘ಬೆಲೆ’, ‘ಈರುಳ್ಳಿ’ ಎರಡನ್ನೂ ಹೆಸರುಗಳಾಗಿ ಒಪ್ಪುತ್ತದೆ. 2008ರ ಮೂರನೆಯ ಆವೃತ್ತಿಯಿಂದ ಒಪ್ಪಿದೆ. ಮನೆಯೊಂದರ ಮುಂಬಾಗಿಲಲ್ಲಿ ಸ್ವಾಗತ, ಹಿತ್ತಿಲಲ್ಲಿ ಕತ್ತರಿ. ಅಕ್ಷರ ಎಂದರೇನು ಎಂದು ಒಂದು ಸಲ ಕೂತು ತೀರ್ಮಾನಿಸದಿದ್ದರೆ ಹೀಗೇ ಆಗುವುದು.

ಗುರುವೋ, ಅಡುಗೆಯವನೋ

ಇನ್ನೂ ಸೂಕ್ಷ್ಮವಾದ ಕಡೆ ಕನ್ನಡವೂ ಮರಾಠಿಯೂ ಒಂದೇ ಗುಂಡಿಯಲ್ಲಿ ಬಿದ್ದಿವೆ. ಮರಾಠಿಯಲ್ಲಿ ‘ಆಚಾರ್ಯಾಸ’ ಎಂದರೆ ಗುರುವಿಗೆ. ‘ಆಚಾರ‍್ಯಾಸ’ ಎಂದರೆ ಅಡುಗೆಯವನಿಗೆ. ಮೊದಲನೆಯದರಲ್ಲಿ ರಕಾರ ಮುಂದಿನ ಅಕ್ಷರದ ತಲೆ ಏರುತ್ತದೆ. ಎರಡನೆಯದರಲ್ಲಿ ರೆಪ್ಪೆಯಂಥ ಗೀಟಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಇದರ ದಾಯಾದಿ ಎಂದರೆ ಅರ್ಕಾವೊತ್ತಿನ ‘ಸೂರ್ಯ’ ಮತ್ತು ಅರ್ಕಾವೊತ್ತು ಬೇಡದ ‘ರ‍್ಯಾಂಕ್’, ‘ರ‍್ಯಾಲಿ’. ಅರ್ಕಾವೊತ್ತೇ ಒಂದು ಪವಾಡ. ‘ಧರ್ಮ’ ಎಂದು ಬರೆದಾಗ ಕಣ್ಣಿಗೆ ಧ, ಮ, ಆಮೇಲೆ ಅರ್ಕಾವೊತ್ತು ಕಾಣುತ್ತದೆ. ಕಂಪ್ಯೂಟರಿನ ನೆನಪಿನಲ್ಲಿ ಕೂತಿರುವ ಕ್ರಮ ಧ, ರ, ವಿರಾಮ, ಮ. ಕಣ್ಣಿನ ಸಾಲು ಬೇರೆ, ಕಿವಿಯ ಸಾಲು ಬೇರೆ.

‘ರ‍್ಯಾಂಕ್’ ಎಂದು ಸರಿಯಾಗಿ ಬರೆಯಲು ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಜೋಡುಗುರುತು ಹಾಕಬೇಕು. ಮರಾಠಿಯ ರೆಪ್ಪೆ ರಕಾರವನ್ನು ಬರೆಯುವ ದಾರಿಗಳಲ್ಲೂ ಅದೇ ಗುರುತಿನದು ಒಂದು. ‘ನಾಸಿಕ್‌ನಲ್ಲಿ’ ಎಂದು ಬರೆಯುವಾಗ ಅದರ ತಮ್ಮನಾದ ಬಿಡಿಸುವ ಗುರುತು ಬೇಕು, ಇಲ್ಲದಿದ್ದರೆ ಕಕಾರದ ಕೆಳಗೆ ನಕಾರ ಒತ್ತಾಗಿ ‘ನಾಸಿಕ್ನಲ್ಲಿ’ ಆಗುತ್ತದೆ. ಕಾಣದ ಗುರುತು ಎಂದರೆ ಲೆಕ್ಸರ್ ಬರೆಯುವವರಿಗೆ ಅನುಮಾನ. ಪೈಥಾನ್ ‘ಬೆಲೆ’ಯನ್ನು ಒಪ್ಪಿದರೂ ‘ರ‍್ಯಾಂಕ್’ ಎಂಬ ಹೆಸರನ್ನು ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಕೆಲವು ಹುಡುಕು ಯಂತ್ರಗಳು ಗುರುತನ್ನು ಅಳಿಸಿ ಮುಂದೆ ಹೋಗುತ್ತವೆ, ಅಲ್ಲಿ ಗುರುವೂ ಅಡುಗೆಯವನೂ ಒಂದೇ ಆಗುತ್ತಾರೆ. ಕೆಲವು ಅಳಿಸುವುದಿಲ್ಲ, ಅಲ್ಲಿ ಗುರುತು ಹಾಕಿ ಬರೆದ ‘ನಾಸಿಕ್‌ನಲ್ಲಿ’ಯನ್ನು ಹಾಕದೆ ಹುಡುಕಿದವರಿಗೆ ಏನೂ ಸಿಗುವುದಿಲ್ಲ.

ಅಂತರಜಾಲದ ವಿಳಾಸಗಳಿಗಾಗಿ 2010ರಲ್ಲಿ ಬಂದ ನಿಯಮ ಇಲ್ಲಿ ಒಂದು ಮಧ್ಯಮ ಮಾರ್ಗ ಹುಡುಕಿತು: ವಿರಾಮದ ಹಿಂದೆಯೇ ಬಂದ ಜೋಡುಗುರುತನ್ನು ಮಾತ್ರ ಒಪ್ಪು. ಕೇಳಲು ವಿವೇಕದ ಮಾತು. ಮರಾಠಿಯ ರೆಪ್ಪೆ ರಕಾರದಲ್ಲಿ ಕ್ರಮ ರ, ವಿರಾಮ, ಜೋಡುಗುರುತು. ಅದು ಪಾಸು. ಕನ್ನಡದಲ್ಲಿ ಯೂನಿಕೋಡ್ ಗೊತ್ತುಮಾಡಿದ ಕ್ರಮ ರ, ಜೋಡುಗುರುತು, ವಿರಾಮ. ಅದು ನಪಾಸು. ಭಾರತಕ್ಕಾಗಿ ಮಾಡಿದ ವಿನಾಯಿತಿಯೂ ದೇವನಾಗರಿಯನ್ನೇ ಭಾರತ ಎಂದು ತಿಳಿದು ಮಾಡಿದ್ದು. ಗೋ ಭಾಷೆಯ ಬಾಗಿಲು ಮುಚ್ಚುವಾಗಲೂ ಕಣ್ಣಮುಂದೆ ಇದ್ದದ್ದು ದೇವನಾಗರಿ, ಈ ಬಾಗಿಲು ಅರ್ಧ ತೆರೆಯುವಾಗಲೂ ಇದ್ದದ್ದು ದೇವನಾಗರಿ.

ಅಡಿಪಾಯದಲ್ಲಿ ಇಂಥದ್ದು ಒಮ್ಮೆ ಕೂತರೆ ಏಳುವುದಿಲ್ಲ ಎಂಬುದಕ್ಕೆ ಕನ್ನಡದ್ದೇ ಒಂದು ನಿದರ್ಶನ ಇದೆ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡಿನ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ೞ ಎಲ್ಲಿ, ಫ ಎಲ್ಲಿ! ತಪ್ಪು ಎಂದು ಯೂನಿಕೋಡೇ ಒಪ್ಪಿ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಬರೆದಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಕನ್ನಡ ನಾಡು ಕಾವೇರಿಯಿಂದ ಗೋದ���ವರಿಯವರೆಗೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳಿದ ಕಾಲದ ಕನ್ನಡದಲ್ಲಿ ೞ ಜೀವಂತವಾಗಿತ್ತು. ಈಗ ಅದು ಕಂಪ್ಯೂಟರಿನಲ್ಲಿ ಎಂದೆಂದಿಗೂ ‘ಫಾ’.

ಯಾರು ಬರೆಯುತ್ತಾರೆ ಎಂಬ ಪ್ರಶ್ನೆ

ಇದಕ್ಕೆಲ್ಲ ಬರುವ ಮೊದಲ ಉತ್ತರ: ಕನ್ನಡದಲ್ಲಿ ಪ್ರೋಗ್ರಾಂ ಬರೆಯುವವರು ಯಾರಿದ್ದಾರೆ? ದಾರಿಗೆ ಬೇಲಿ ಹಾಕಿದವರೇ ಈ ದಾರಿಯಲ್ಲಿ ಯಾರೂ ಓಡಾಡುವುದಿಲ್ಲ ನೋಡಿ ಎಂದರೆ ಅದು ವಾದವಲ್ಲ. ಕನ್ನಡ ಮಾಧ್ಯಮದ ಏಳನೇ ಕ್ಲಾಸಿನ ಹುಡುಗಿಗೆ ಪ್ರೋಗ್ರಾಮಿಂಗ್‌ನ ಮೊದಲ ಪಾಠ ಹೇಳುವಾಗ ‘ಬೆಲೆ’ ಎಂದು ಅವಳ ಭಾಷೆಯಲ್ಲಿ ಹೆಸರಿಟ್ಟು ತೋರಿಸಿದರೆ ತಲೆಗೆ ಹತ್ತುವುದು ಪ್ರೋಗ್ರಾಮಿಂಗ್. ಇಂಗ್ಲಿಷ್ ಹೆಸರೇ ಬೇಕು ಎಂದರೆ ಅವಳು ಒಟ್ಟಿಗೆ ಎರಡು ವಿದ್ಯೆ ಕಲಿಯಬೇಕು. ಆಮೇಲೆ ಅವಳು ಇಂಗ್ಲಿಷಿನಲ್ಲೇ ಬರೆಯಲಿ, ಜಗತ್ತಿನ ಕೆಲಸಕ್ಕೆ ಅದು ಬೇಕು. ಮೊದಲ ದಿನವೇ ಅವಳ ಭಾಷೆಗೆ ‘ಸಲ್ಲದ ಸಂಕೇತ’ ಎಂಬ ಕೆಂಪು ಸಾಲು ಬೀಳಬೇಕಿಲ್ಲ.

ಈ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಲೆಕ್ಸರ್ ಪಾಠದಲ್ಲಿ ಕಲಿತ ಅಭ್ಯಾಸ ಲೆಕ್ಸರ್‌ನಲ್ಲೇ ನಿಲ್ಲುವುದಿಲ್ಲ. ‘ಅಕ್ಷರವಾದರೆ ಇಟ್ಟುಕೋ, ಇಲ್ಲದಿದ್ದರೆ ಕತ್ತರಿಸು’ ಎಂಬ ಅದೇ ಎರಡು ಸಾಲು ಹುಡುಕಾಟ, ಪದ ಎಣಿಕೆ, ಹೆಸರು ಹೊಂದಿಸುವುದು, ಅರ್ಜಿಯ ತಪಾಸಣೆ ಎಲ್ಲ ಕಡೆಗೂ ಹೋಗಿ ಕೂರುತ್ತದೆ. ಕನ್ನಡದಲ್ಲಿ ಒಂದು ಸಾಲು ಕೋಡ್ ಬರೆಯದವರೂ ಅದರ ಕೆಳಗೇ ಬರುತ್ತಾರೆ. ಈಗಿನ ಎಐ ಭಾಷಾ ಮಾದರಿಗಳ ಟೋಕನೈಸರ್ ಲೆಕ್ಸರ್‌ನ ಹತ್ತಿರದ ನೆಂಟ. ಅವುಗಳಲ್ಲಿ ಹಲವು ಬೈಟ್‌ಗಳಿಂದ ಹೊರಟು, ಹೆಚ್ಚು ಕಂಡ ಜೋಡಿಗಳನ್ನು ಬೆಸೆಯುತ್ತ ತಮ್ಮ ಪದಕೋಶ ಕಟ್ಟಿಕೊಳ್ಳುತ್ತವೆ. ಅವು ಹೆಚ್ಚು ಕಂಡಿರುವುದು ಇಂಗ್ಲಿಷ್. ಆದ್ದರಿಂದ ಒಂದೇ ಮಾತಿಗೆ ಕನ್ನಡದಲ್ಲಿ ಹೆಚ್ಚು ಟೋಕನ್ ಬೀಳುತ್ತವೆ, ಬಿಲ್ಲು ಟೋಕನ್ ಲೆಕ್ಕದಲ್ಲಿ ಬರುತ್ತದೆ. ಅಕ್ಷರವನ್ನು ಒಡೆದದ್ದಕ್ಕೆ ದಂಡ ಕಟ್ಟುವುದು ಒಡೆದವರಲ್ಲ.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಚಿಹ್ನೆಗಳನ್ನು ಒಳಗೆ ಬಿಟ್ಟರೆ ಕಣ್ಣಿಗೆ ಒಂದೇ ಕಾಣುವ ಎರಡು ಹೆಸರುಗಳು ಬರಬಹುದು. ‘ಕೋ’ ಎಂಬುದನ್ನು ಒಂದು ಚಿಹ್ನೆಯಾಗಿಯೂ ಇಡಬಹುದು, ಮೂರು ಚಿಹ್ನೆಗಳನ್ನು ಪೋಣಿಸಿಯೂ ಇಡಬಹುದು. ಯಂತ್ರಕ್ಕೆ ಅವು ಬೇರೆ ಬೇರೆ. ಮೋಸಗಾರರು ಇದನ್ನು ಬಳಸಿಕೊಳ್ಳಬಹುದು. ನಿಜ. ಆದರೆ ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿದೆ. ಹೆಸರನ್ನು ಹೋಲಿಸುವ ಮೊದಲು ಎಲ್ಲ ಬರಹವನ್ನೂ ಒಂದೇ ಅಚ್ಚಿಗೆ ತರುವ ವಿಧಾನ ಯೂನಿಕೋಡಿನಲ್ಲೇ ಇದೆ. ಪೈಥಾನ್ ಹಾಗೆ ಮಾಡುತ್ತದೆ. 2021ರಲ್ಲಿ ಇತರ ಲಿಪಿಗಳ ಹೆಸರುಗಳಿಗೆ ಬಾಗಿಲು ತೆರೆದ ರಸ್ಟ್ ಭಾಷೆಯೂ ಹಾಗೆ ಮಾಡುತ್ತದೆ, ಗೊಂದಲ ಹುಟ್ಟಿಸುವ ಹೆಸರು ಕಂಡರೆ ಎಚ್ಚರಿಕೆಯನ್ನೂ ಕೊಡುತ್ತದೆ. ಜಾವಾ ಮೊದಲಿನಿಂದ ಚಿಹ್ನೆಗಳನ್ನು ಒಪ್ಪಿಕೊಂಡೇ ಬಂದಿದೆ. ಹೆಸರಿನ ಮೊದಲಲ್ಲಿ ಏನು ಬರಬಹುದು, ನಡುವೆ ಏನು ಬರಬಹುದು ಎಂದು ಯೂನಿಕೋಡಿನ 31ನೇ ಅನುಬಂಧ ಪಟ್ಟಿ ಮಾಡಿ ಕೊಟ್ಟಿದೆ. ಆ ಪಟ್ಟಿಯಲ್ಲಿ ಏತ್ವವೂ ಇದೆ, ವಿರಾಮವೂ ಇದೆ. ಲೆಕ್ಸರ್ ಈಗ ನೋಡುತ್ತಿರುವ ಕೋಷ್ಟಕದ ಬದಲು ಇನ್ನೊಂದನ್ನು ನೋಡಬೇಕು, ಅಚ್ಚಿಗೆ ತರುವ ಒಂದು ಹೆಜ್ಜೆ ಕೂಡಿಸಬೇಕು. ಕೆಲಸ ಇದೆ, ಆದರೆ ಯಾರೂ ಮಾಡಿರದ ಕೆಲಸವಲ್ಲ.

‘ಸುಲಭ’ ಎಂಬ ಮಾತನ್ನು ಇಲ್ಲಿ ಹಿಡಿದು ನಿಲ್ಲಿಸಿ ಕೇಳಬೇಕು: ಯಾರಿಗೆ ಸುಲಭ? ಕಂಪೈಲರ್ ಬರೆಯುವ ಹತ್ತಾರು ಜನರಿಗೆ ಒಂದು ವಾರದ ಕೆಲಸ ಉಳಿಯಿತು. ಕನ್ನಡ, ಮರಾಠಿ, ಹಿಂದಿ, ತೆಲುಗು, ತಮಿಳು, ಬಂಗಾಳಿ ಬರೆಯುವ ಕೋಟಿಗಟ್ಟಲೆ ಜನರಿಗೆ ತಮ್ಮ ಪದಗಳಲ್ಲಿ ಬಹುಪಾಲು ತಪ್ಪಾದವು. ಇದನ್ನು ಸುಲಭ ಎನ್ನುವುದಿಲ್ಲ, ಹೊರೆ ದಾಟಿಸುವುದು ಎನ್ನುತ್ತಾರೆ.

ಮೂರನೆಯ ಅಡ್ಡಿ ಕನ್ನಡದ ಒಳಗಿನದು. ‘ಇಫ್’ ಇದ್ದಲ್ಲಿ ‘ಆದರೆ’, ‘ಪ್ರಿಂಟ್’ ಇದ್ದಲ್ಲಿ ‘ಮುದ್ರಿಸು’ ಎಂದು ಬದಲಿಸಿ ಕನ್ನಡದ್ದೇ ಪ್ರೋಗ್ರಾಮಿಂಗ್ ಭಾಷೆ ಬಂತು ಎಂದು ಸಂಭ್ರಮಿಸುವ ರೂಢಿ ಇದೆ. ಆ ಉತ್ಸಾಹ ತಪ್ಪಲ್ಲ. ಆದರೆ ಹತ್ತಿಪ್ಪತ್ತು ಮೀಸಲು ಪದಗಳನ್ನು ಅನುವಾದಿಸುವುದು ಅಂಗಡಿಯ ಬೋರ್ಡು ಬದಲಿಸಿದಷ್ಟೇ ಕೆಲಸ. ಒಳಗೆ ತೂಕದ ಕಲ್ಲು ಹಳೆಯದೇ ಇದ್ದರೆ ತೂಕ ಹಳೆಯದೇ ಬರುತ್ತದೆ.

ನಾಸಿಕ್ ರೋಡಿನಲ್ಲಿ 1928ರಿಂದ ನೋಟು ಅಚ್ಚುಹಾಕುವ ಸರ್ಕಾರಿ ಮುದ್ರಣಾಲಯ ಇದೆ. ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿ ಇರುತ್ತದೆ, ಅದರಲ್ಲಿ ಕನ್ನಡದ ಸಾಲೂ ಒಂದು. ಆ ಸಾಲಿನಲ್ಲಿ ಕನ್ನಡ ಸುಂದರವಾಗಿ, ತಪ್ಪಿಲ್ಲದೆ ಕಾಣುತ್ತದೆ, ಏಕೆಂದರೆ ಅಲ್ಲಿ ಅದು ಚಿತ್ರ. ಚಿತ್ರವಾಗಿ ಕನ್ನಡಕ್ಕೆ ಎಲ್ಲ ಕಡೆಯೂ ಮನ್ನಣೆ ಇದೆ. ಫಲಕದಲ್ಲಿ, ನೋಟಿನಲ್ಲಿ, ಪರದೆಯಲ್ಲಿ ಚೆನ್ನಾಗಿ ಕಂಡರೆ ಗೆದ್ದೆವು ಎಂದು ಕನ್ನಡಿಗರು ಹೋರಾಟ ನಿಲ್ಲಿಸುತ್ತಾರೆ. ಬೆಳಗಾವಿಯ ಅಂಗಡಿ ಬೋರ್ಡಿನಲ್ಲಿ ಯಾವ ಲಿಪಿ ಮೇಲೆ, ಯಾವುದು ಕೆಳಗೆ ಎಂದು ಕನ್ನಡ ಮರಾಠಿ ಎರಡೂ ಕಡೆಯವರು ಜಗಳಾಡುತ್ತಾರೆ. ಎರಡೂ ಲಿಪಿಯ ಕಾಗುಣಿತವನ್ನು ಒಟ್ಟಿಗೆ ತಳ್ಳಿಹಾಕಿದ ನಿಯಮದ ಬಗ್ಗೆ ಎರಡೂ ಕಡೆ ಸದ್ದಿಲ್ಲ.

ಮಾಡಬೇಕಾದ ಕೆಲಸ ಮೂರು, ಮೂರೂ ಕೈಗೆಟುಕುವಂಥವು. ಒಂದು, ‘ಕ್ಯಾರೆಕ್ಟರ್’ ಎಂಬ ಮಾತಿಗೆ ‘ಅಕ್ಷರ’ ಎಂದು ಬರೆಯುವುದನ್ನು ಅನುವಾದಕರು, ಪಠ್ಯಪುಸ್ತಕ ಬರೆಯುವವರು ನಿಲ್ಲಿಸಬೇಕು. ‘ಸಂಕೇತ’ ಎನ್ನಲಿ, ಬೇಕಾದರೆ ‘ಕೋಡ್ ಪಾಯಿಂಟ್’ ಎಂದೇ ಇಡಲಿ. ಅಕ್ಷರ ಎಂಬ ಮಾತನ್ನು ಅಕ್ಷರಕ್ಕೇ ಉಳಿಸಿದರೆ, ಯಂತ್ರ ಎಣಿಸುತ್ತಿರುವುದು ಬೇರೇನನ್ನೋ ಎಂದು ವಿದ್ಯಾರ್ಥಿಗೆ ಮೊದಲ ಪಾಠದಲ್ಲೇ ತಿಳಿಯುತ್ತದೆ. ಎರಡು, ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಕ್ಕೆ ಸಾವಿರಾರು ವಿದ್ಯಾರ್ಥಿಗಳು ಬರೆಯುವ ಲೆಕ್ಸರ್ ‘ಬೆಲೆ’ಯನ್ನೂ ‘ರ‍್ಯಾಂಕ್’ ಅನ್ನೂ ಒಂದೊಂದು ಟೋಕನ್ ಎಂದು ಗುರುತಿಸಬೇಕು ಎಂಬ ಒಂದು ಸಾಲನ್ನು ಲ್ಯಾಬ್ ಪರೀಕ್ಷೆಗೆ ಸೇರಿಸಬೇಕು. ಮೂರು, ಒತ್ತಕ್ಷರದ ಪಟ್ಟಿಗೆ ಕನ್ನಡವನ್ನು ಸೇರಿಸಲು, ಜೋಡುಗುರುತಿನ ನಿಯಮಕ್ಕೆ ಕನ್ನಡದ ಕ್ರಮವನ್ನು ಕೂಡಿಸಲು, ಗೋ ಭಾಷೆಯ ಹೆಸರಿನ ನಿಯಮ ಬದಲಿಸಲು ಉದಾಹರಣೆಗಳ ಸಮೇತ ಪ್ರಸ್ತಾವ ಬರೆದು ಕಳಿಸಬೇಕು. ಯೂನಿಕೋಡಿಗೆ ಯಾರು ಬೇಕಾದರೂ ಪ್ರಸ್ತಾವ ಕೊಡಬಹುದು. ಹಾಗೆ ಪ್ರಸ್ತಾವಗಳು ಹೋಗಿ, ತಿದ್ದಿ, ಮತ್ತೆ ಹೋಗಿಯೇ 2024ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿತು.

ಈ ಮೂರನೆಯ ಕೆಲಸವನ್ನು ಕನ್ನಡದವರು ಮರಾಠಿಯವರ ಜೊತೆ ಕೂತು ಮಾಡಿದರೆ ಇನ್ನೂ ಒಳ್ಳೆಯದು. ‘ದೇವನಾಗರಿ ಎಂಬ ಭಾಷೆ’ಯನ್ನು ಹೊರಗಿಟ್ಟ ಸಾಲಿನಲ್ಲಿ ಮರಾಠಿಗೆ ತಪ್ಪು ಹೆಸರು ಸಿಕ್ಕಿದೆ, ಕನ್ನಡಕ್ಕೆ ಹೆಸರೇ ಸಿಕ್ಕಿಲ್ಲ. ಲಾಸಲ್‌ಗಾಂವಿನ ಈರುಳ್ಳಿಯ ‘ಭಾವ’ ಸರಿಯಾಗುವ ದಿನ ‘ಬೆಲೆ’ಯೂ ಸರಿಯಾಗುತ್ತದೆ. ಎರಡಕ್ಕೂ ಬೇಕಾದ ತಿದ್ದುಪಡಿ ಒಂದೇ.